ಲೆಕ್ಕ ಒಪ್ಪಿಸುವ ಮನೆವಾರ್ತೆಯವನು

ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಲೂಕ 16:1-13, ಲೂಕ 14:28-30, ಜ್ಞಾನೋಕ್ತಿಗಳು 27:23-24

ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ, ಕೆಲವರು ಲ್ಯಾಪ್‌ಟಾಪ್ ಬ್ಯಾಗ್ ಸಮೇತ ಹಾಗೇ ಬಂದಿದ್ದೀರಿ. ಊಟನೂ ಆಗಿಲ್ಲ ಅಂತ ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಆದರೂ ದೇವರ ವಾಕ್ಯ ಕೇಳಬೇಕು ಅಂತ ಬಂದಿರಲ್ಲಾ, ಕರ್ತನಿಗೆ ಸ್ತೋತ್ರ.

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಕಂಪನಿಯ ಈ ಸಲದ ಕ್ವಾರ್ಟರ್ ರಿಸಲ್ಟ್ ಹೇಗಿತ್ತು? ಈ ಪ್ರಶ್ನೆಗೆ ಬಹಳ ಜನ ಥಟ್ ಅಂತ ಉತ್ತರ ಹೇಳ್ತೀರಿ. ಯಾಕಂದ್ರೆ ನಿಮ್ಮ ವೇರಿಯಬಲ್ ಪೇ ಅದರ ಮೇಲೆ ನಿಂತಿದೆ. ಸರಿ, ಈಗ ಎರಡನೇ ಪ್ರಶ್ನೆ. ನಿಮ್ಮ ಮನೆಯ ಕ್ವಾರ್ಟರ್ ರಿಸಲ್ಟ್ ಹೇಗಿತ್ತು? ನೋಡಿ, ಈಗ ಎಲ್ಲರೂ ಪಕ್ಕದವರ ಮುಖ ನೋಡ್ತಿದ್ದೀರಿ.

ಷೇರು ಮಾರುಕಟ್ಟೆಯಲ್ಲಿ ಇರುವ ಕಂಪನಿಗೆ ನಮ್ಮ ದೇಶದಲ್ಲಿ ಒಂದು ನಿಯಮ ಇದೆ. ಪ್ರತಿ ಮೂರು ತಿಂಗಳು ಮುಗಿದ ಮೇಲೆ 45 ದಿನದೊಳಗೆ ಲೆಕ್ಕ ತೋರಿಸಬೇಕು. ವರ್ಷದ ಲೆಕ್ಕಕ್ಕೆ 60 ದಿನ. ಯಾಕೆ? ಅಲ್ಲಿ ಇರುವ ಹಣ ಆಡಳಿತ ಮಾಡುವವರ ಸ್ವಂತ ಹಣ ಅಲ್ಲ, ಷೇರುದಾರರದು. ಬೇರೆಯವರ ಹಣ ಕೈಯಲ್ಲಿ ಇಟ್ಟುಕೊಂಡವನು ಲೆಕ್ಕ ಕೊಡಬೇಕು. ಇಷ್ಟೇ ವಿಷಯ.

ಲೂಕ 16ರಲ್ಲಿ ಯೇಸು ಸ್ವಾಮಿ ಹೇಳಿದ್ದೂ ಇದನ್ನೇ. ಒಬ್ಬ ಐಶ್ವರ್ಯವಂತ, ಅವನಿಗೊಬ್ಬ ಮನೆವಾರ್ತೆಯವನು. ಇವನು ಆಸ್ತಿಯನ್ನು ಹಾಳುಮಾಡುತ್ತಿದ್ದಾನೆ ಅಂತ ದೂರು ಬಂತು. ಯಜಮಾನ ಕರೆಸಿದ, ಲೆಕ್ಕ ಕೇಳಿದ. ಆ ಕಥೆಯಲ್ಲಿ ನನ್ನನ್ನು ಮುಟ್ಟುವ ವಿಷಯ ಒಂದಿದೆ. ಲೆಕ್ಕ ಕೇಳುವ ದಿನದ ತನಕ ಆ ಮನುಷ್ಯ ಯಜಮಾನನ ಹಾಗೆಯೇ ಬದುಕಿದ್ದ. ಕೇಳಿದ ದಿನವೇ ಅವನಿಗೆ ನೆನಪಾಯಿತು, ನಾನು ಇಲ್ಲಿ ಮನೆವಾರ್ತೆಯವನು ಅಂತ.

ಪ್ರಿಯರೇ, ನಾನು ಸೇವೆಗೆ ಬರುವ ಮುಂಚೆ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದೆ. ಬೇರೆಯವರ ಲೆಕ್ಕ ನೋಡುವುದೇ ನನ್ನ ಕಸುಬು. ಕಂಪನಿಯ ಆರೋಗ್ಯ ತಿಳಿಯಬೇಕಾದ್ರೆ ನಾವು ಮೂರು ಕಾಗದ ನೋಡ್ತೀವಿ: ಲಾಭ ನಷ್ಟದ ಲೆಕ್ಕ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ. ಈ ಮೂರನ್ನೂ ಇವತ್ತು ನಮ್ಮ ಮನೆಗೆ ತರೋಣ. ಕೊನೆಯಲ್ಲಿ ನನ್ನ ಸ್ವಂತ ಲೆಕ್ಕವನ್ನೂ ನಿಮ್ಮ ಮುಂದೆ ಇಡ್ತೀನಿ.

ಒಂದು: ಬರುವುದು ಬೇರೆ, ಉಳಿಯುವುದು ಬೇರೆ

ಲಾಭ ನಷ್ಟದ ಲೆಕ್ಕದಲ್ಲಿ ಮೊದಲ ಸಾಲು ಆದಾಯ, ಕೊನೆಯ ಸಾಲು ಲಾಭ. ಜನ ಮೊದಲ ಸಾಲನ್ನು ನೋಡಿ ಚಪ್ಪಾಳೆ ಹೊಡೀತಾರೆ. ಕಂಪನಿ ಬದುಕುವುದು ಕೊನೆಯ ಸಾಲಿನಿಂದ.

ನಮ್ಮ ಬೆಂಗಳೂರಿನದೇ ಉದಾಹರಣೆ ತಗೊಳ್ಳಿ. ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರು ಮಾಡಿತು. ಹೊಸ ವಿಮಾನಗಳು, ಒಳ್ಳೆ ಊಟ, ಪ್ರತಿ ಸೀಟಿಗೂ ಟಿವಿ. 2007ರಲ್ಲಿ ಏರ್ ಡೆಕ್ಕನ್ ಅನ್ನೂ ಕೈಗೆ ತೆಗೆದುಕೊಂಡಿತು. ಹೊರಗಿನಿಂದ ನೋಡಿದವರಿಗೆ ಅದು ಬೆಳವಣಿಗೆ. ಆದರೆ ಒಂದೇ ಒಂದು ವರ್ಷವೂ ಅದು ಲಾಭ ತೋರಿಸಲಿಲ್ಲ. ಆದಾಯ ಬರ್ತಿತ್ತು, ಅದಕ್ಕಿಂತ ಹೆಚ್ಚು ಹೋಗ್ತಿತ್ತು, ನಡುವಿನ ಗುಂಡಿಯನ್ನು ಸಾಲದಿಂದ ಮುಚ್ಚುತ್ತಿದ್ದರು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಮತ್ತೆ ಹಾರಲಿಲ್ಲ.

ಲೂಕ 14ರಲ್ಲಿ ಯೇಸು ಸ್ವಾಮಿ ಗೋಪುರ ಕಟ್ಟುವವನ ಮಾತು ಹೇಳ್ತಾರೆ. ಅವನು ಮೊದಲು ಕೂತುಕೊಂಡು, ಮುಗಿಸುವಷ್ಟು ನನ್ನ ಹತ್ತಿರ ಇದೆಯಾ ಅಂತ ಖರ್ಚಿನ ಲೆಕ್ಕ ಹಾಕಬೇಕು. ಇಲ್ಲದಿದ್ರೆ ಅಸ್ತಿವಾರ ಹಾಕಿ ನಿಲ್ಲಿಸಿದವನನ್ನು ನೋಡಿ ಊರೆಲ್ಲ ನಗುತ್ತೆ. ಕರ್ತನು ಅಲ್ಲಿ ಮಾತಾಡ್ತಿರೋದು ಶಿಷ್ಯತ್ವದ ಬಗ್ಗೆ, ಅದು ನನಗೆ ಗೊತ್ತು. ಆದರೆ ಆತನು ಕೊಟ್ಟ ಉದಾಹರಣೆ ನೋಡಿ. ಲೆಕ್ಕ ಹಾಕುವುದು ಅವಿಶ್ವಾಸ ಅಂತ ಆತನು ಹೇಳಲಿಲ್ಲ. ಲೆಕ್ಕ ಹಾಕದೆ ಶುರುಮಾಡುವವನನ್ನೇ ಬುದ್ಧಿ ಇಲ್ಲದವನಾಗಿ ತೋರಿಸಿದನು.

ನಿಮ್ಮಲ್ಲಿ ಒಬ್ಬರಿಗೆ 30 ಸಾವಿರ ಸಂಬಳ, ಇನ್ನೊಬ್ಬರಿಗೆ ಒಂದು ಲಕ್ಷ. 30 ಸಾವಿರದವರು ತಿಂಗಳಿಗೆ 3 ಸಾವಿರ ಉಳಿಸ್ತಾರೆ. ಲಕ್ಷದವರು ಲಕ್ಷದ ಹತ್ತು ಸಾವಿರ ಖರ್ಚು ಮಾಡ್ತಾರೆ. ಯಾರ ಕಂಪನಿ ನಡೀತಿದೆ? ಸಂಬಳ ಹೆಚ್ಚಾದ ಕೂಡಲೇ ಮನೆ ಬಾಡಿಗೆ ಹೆಚ್ಚು, ಫೋನ್ ಹೊಸದು, ವಾರದ ಕೊನೆ ಊಟ ಹೊರಗೆ. ಹೈಕ್ ಬಂತು, ಸ್ತೋತ್ರ ಹೇಳಿದಿರಿ, ಒಳ್ಳೇದು. ಕೊನೆಯ ಸಾಲಿನಲ್ಲಿ ಏನಾದ್ರೂ ಹೆಚ್ಚಾಯಿತಾ ಅಂತ ನೋಡಿದಿರಾ?

ಎರಡು: ನನ್ನದು ಎಷ್ಟು, ಸಾಲ ಕೊಟ್ಟವನದು ಎಷ್ಟು

ಬ್ಯಾಲೆನ್ಸ್ ಶೀಟ್ ಅಂದ್ರೆ ಬಹಳ ಸರಳ. ಒಂದು ಕಡೆ ನಿಮ್ಮ ಹತ್ತಿರ ಇರೋದು, ಇನ್ನೊಂದು ಕಡೆ ನೀವು ಕೊಡಬೇಕಾದದ್ದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯೋದೇ ನಿಮ್ಮದು.

ಹತ್ತು ಲಕ್ಷದ ಕಾರು, ಅದರ ಮೇಲೆ ಒಂಬತ್ತು ಲಕ್ಷ ಸಾಲ. ಹಾಗಾದ್ರೆ ನಿಮ್ಮದು ಒಂದು ಲಕ್ಷದ ಕಾರು. ಅದೂ ಶೋರೂಂನಿಂದ ಹೊರಗೆ ಬಂದ ದಿನದಿಂದ ಬೆಲೆ ಇಳಿಯೋಕೆ ಶುರು. ಕಂಪನಿಗಳು ಇದಕ್ಕೆ ಸವಕಳಿ ಅಂತ ಪ್ರತಿ ವರ್ಷ ಬರೆದು ಕಳೀತಾರೆ. ನಾವು ಮಾತ್ರ ಕೊಂಡ ಬೆಲೆಯನ್ನೇ ಹೇಳ್ಕೊಂಡು ತಿರುಗ್ತೀವಿ.

ಇನ್ನು ಕ್ರೆಡಿಟ್ ಕಾರ್ಡ್. ಇದನ್ನು ನಿಧಾನವಾಗಿ ಕೇಳಿ, ಬೇಕಾದ್ರೆ ಬರ್ಕೊಳ್ಳಿ. ಕಾರ್ಡ್ ಮೇಲೆ 60 ಸಾವಿರ ಬಾಕಿ ಇದೆ, ಬಡ್ಡಿ ತಿಂಗಳಿಗೆ 3.5% ಅಂತ ಇಟ್ಕೊಳ್ಳಿ. ಬಿಲ್‌ನಲ್ಲಿ ಕನಿಷ್ಠ 3 ಸಾವಿರ ಕಟ್ಟಿದರೆ ಸಾಕು ಅಂತ ಇರುತ್ತೆ. ನೀವು ಸಮಾಧಾನದಿಂದ 3 ಸಾವಿರ ಕಟ್ಟಿದಿರಿ. ಅದರಲ್ಲಿ ಬಡ್ಡಿ 2,100. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, 378. ಒಟ್ಟು 2,478 ಅಲ್ಲೇ ಹೋಯಿತು. ನಿಮ್ಮ ಸಾಲದಲ್ಲಿ ಇಳಿದದ್ದು ಎಷ್ಟು? 522 ರೂಪಾಯಿ. ಹಳೆ ಬಾಕಿ ಉಳಿದಿದ್ರೆ, ಹೊಸದಾಗಿ ಕೊಂಡ ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತೆ. ಸಾಲ ತೆಗೆದುಕೊಂಡವನು ಕೊಟ್ಟವನಿಗೆ ಆಳಾಗ್ತಾನೆ ಅಂತ ಜ್ಞಾನೋಕ್ತಿ 22:7 ತಿಳಿಸುತ್ತೆ. ತಿಂಗಳೆಲ್ಲ ದುಡಿದು 522 ರೂಪಾಯಿ ಬಿಡುಗಡೆ ಆದವನಿಗೆ ಈ ವಾಕ್ಯ ಯಾರೂ ವಿವರಿಸಬೇಕಾಗಿಲ್ಲ.

2 ಅರಸುಗಳು 4ರಲ್ಲಿ ಒಬ್ಬ ವಿಧವೆ ಎಲೀಷನ ಹತ್ತಿರ ಬಂದಳು. ಗಂಡ ತೀರಿಹೋಗಿದ್ದಾನೆ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ದಾಸರಾಗಿ ಹಿಡ್ಕೊಂಡು ಹೋಗೋಕೆ ಬಂದಿದ್ದಾನೆ. ದೇವರು ಅದ್ಭುತ ಮಾಡಿದರು, ಪಾತ್ರೆಗಳೆಲ್ಲ ಎಣ್ಣೆಯಿಂದ ತುಂಬಿದವು. ನಾವು ಪ್ರಸಂಗ ಮಾಡುವಾಗ ಅಲ್ಲಿಗೇ ಹಲ್ಲೆಲೂಯ ಹೇಳಿ ನಿಲ್ಲಿಸಿಬಿಡ್ತೀವಿ. ಏಳನೇ ವಚನ ಓದಿ. ಎಣ್ಣೆ ಮಾರು, ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಅನ್ನುವ ಅರ್ಥದಲ್ಲಿ ಪ್ರವಾದಿ ಹೇಳ್ತಾನೆ. ಅದ್ಭುತ ಆದ ಮೇಲೂ ಒಂದು ಬಜೆಟ್ ಇತ್ತು, ದೇವಜನರೇ! ಸಾಲ ಮೊದಲನೇ ಸಾಲಿನಲ್ಲಿತ್ತು.

ಮೂರು: ಕೈಯಲ್ಲಿ ಇರುವ ಹಣ

ಲಾಭ ಇದ್ದ ಕಂಪನಿಯೂ ಮುಚ್ಚಿಹೋಗಬಹುದು. ಹೇಗೆ? ಮಾಲು ಮಾರಿದೆ, ಬಿಲ್ ಬರೆದಿದೆ, ಪುಸ್ತಕದಲ್ಲಿ ಲಾಭ ಇದೆ. ಗಿರಾಕಿ ಹಣ ಕೊಡೋದು ಮೂರು ತಿಂಗಳ ನಂತರ. ಇಲ್ಲಿ ಸಂಬಳ ಕೊಡಬೇಕಾದದ್ದು ನಾಳೆ. ಅದಕ್ಕೇ ಕ್ಯಾಶ್ ಫ್ಲೋ ಅಂತ ಬೇರೆ ಲೆಕ್ಕ ಇರೋದು.

ಇನ್ಫೋಸಿಸ್ ಕಥೆ ನಿಮಗೆ ಗೊತ್ತು. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಹತ್ತು ಸಾವಿರ ರೂಪಾಯಿಯಿಂದ ಶುರು ಮಾಡಿದರು, 1983ರಲ್ಲಿ ಬೆಂಗಳೂರಿಗೆ ಬಂದರು. ಬಹಳ ವರ್ಷ ಆ ಕಂಪನಿಗೆ ಇದ್ದ ಹೆಸರು ಏನಂದ್ರೆ, ಸಾಲ ಇಲ್ಲ, ಕೈಯಲ್ಲಿ ನಗದು ಇದೆ. ಮಾರುಕಟ್ಟೆ ಚೆನ್ನಾಗಿದ್ದಾಗ ಇದು ಯಾರಿಗೂ ದೊಡ್ಡದಾಗಿ ಕಾಣೋದಿಲ್ಲ. ಗಾಳಿ ತಿರುಗಿದಾಗ ಕಾಣುತ್ತೆ.

ಯೋಸೇಫನಿಗೂ ಇದು ಗೊತ್ತಿತ್ತು. ಆದಿಕಾಂಡ 41. ಏಳು ವರ್ಷ ಸುಗ್ಗಿ, ಏಳು ವರ್ಷ ಬರ. ಕನಸಿನ ಅರ್ಥ ಹೇಳಿದ್ದು ದೇವರ ಆತ್ಮನಿಂದ. ಆದರೆ ಅದೇ ಉಸಿರಿನಲ್ಲಿ ಯೋಸೇಫನು ಯೋಜನೆಯನ್ನೂ ಹೇಳಿದ: ಸುಗ್ಗಿಯ ವರ್ಷಗಳಲ್ಲಿ ಬೆಳೆಯ ಐದನೇ ಒಂದು ಪಾಲು ತೆಗೆದಿಡಬೇಕು. ಆತ್ಮನ ವರ ಮತ್ತು ಕಣಜ, ಎರಡೂ ಒಂದೇ ಮನುಷ್ಯನಲ್ಲಿ ಇದ್ದವು.

50 ಸಾವಿರ ಸಂಬಳದವರಿಗೆ ಐದನೇ ಒಂದು ಪಾಲು ಅಂದ್ರೆ 10 ಸಾವಿರ. ಬಾಡಿಗೆ, ದಿನಸಿ, ಕರೆಂಟು, ಮನೆಗೆ ಕಳಿಸೋದು, ಇಷ್ಟಕ್ಕೆ ತಿಂಗಳಿಗೆ 30 ಸಾವಿರ ಬೇಕು ಅಂತಾದ್ರೆ, ಆರು ತಿಂಗಳಿಗೆ 1,80,000. ಹದಿನೆಂಟು ತಿಂಗಳಲ್ಲಿ ಅದು ಕೂಡುತ್ತೆ. ಅದನ್ನು ಷೇರಿನಲ್ಲಿ ಹಾಕಬೇಡಿ. ಬೇಕಾದ ದಿನ ಸಿಗೋ ಹಾಗೆ ಬ್ಯಾಂಕಿನಲ್ಲಿ ಇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷದ ತನಕ ಠೇವಣಿ ವಿಮೆ ಇದೆ. ಲೇಆಫ್ ಪತ್ರ ಬಂದ ದಿನ ಆರು ತಿಂಗಳ ಊಟ ಕೈಯಲ್ಲಿ ಇರುವವನು ಪ್ರಾರ್ಥನೆ ಮಾಡುವ ರೀತಿಯೇ ಬೇರೆ. ಅವನು ಸಿಕ್ಕ ಮೊದಲ ಕೆಲಸಕ್ಕೆ ಹೆದರಿ ಹಾರೋದಿಲ್ಲ.

ಸುಳ್ಳು ಲೆಕ್ಕ

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ಮೂರು ಕಾಗದವೂ ಅಂದವಾಗಿದ್ದು, ಮೂರೂ ಸುಳ್ಳಾಗಿದ್ರೆ?

2009ರ ಜನವರಿ 7. ನಾನು ಆಫೀಸಿನಲ್ಲಿದ್ದೆ. ಟಿವಿಯಲ್ಲಿ ಸುದ್ದಿ ಬಂತು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತನ್ನ ಮಂಡಳಿಗೆ ಪತ್ರ ಬರೆದಿದ್ದಾರೆ. ಪುಸ್ತಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಅದರ ಹಿಂದಿನ ಸೆಪ್ಟೆಂಬರ್ ಕ್ವಾರ್ಟರ್‌ನಲ್ಲಿ ಕಾರ್ಯಾಚರಣೆಯ ಲಾಭ 649 ಕೋಟಿ ಅಂತ ತೋರಿಸಿದ್ದರು. ನಿಜವಾಗಿ ಇದ್ದದ್ದು 61 ಕೋಟಿ. ಷೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಸುಮಾರು 50 ಸಾವಿರ ಜನರ ಕೆಲಸ ತೂಗುಯ್ಯಾಲೆ. ಕಂಪನಿ ಚೆನ್ನಾಗಿ ಆಡಳಿತ ಮಾಡಿದ್ದಕ್ಕೆ ಕೆಲವೇ ತಿಂಗಳ ಹಿಂದೆ ಅದಕ್ಕೆ ಪ್ರಶಸ್ತಿಯೂ ಬಂದಿತ್ತು.

ಆ ಪತ್ರದಲ್ಲಿ ಅವರು ಒಪ್ಪಿಕೊಂಡ ಒಂದು ವಿಷಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದ ಅಂತರ ಸಣ್ಣದು. ವರ್ಷ ವರ್ಷ ಅದು ಬೆಳೆಯಿತು. ಹುಲಿ ಸವಾರಿ ಮಾಡಿದವನ ಪಾಡು, ಇಳಿದರೆ ಹುಲಿ ತಿನ್ನುತ್ತೆ. ಯಾರೂ ಒಂದೇ ದಿನದಲ್ಲಿ 5 ಸಾವಿರ ಕೋಟಿಯ ಸುಳ್ಳು ಹೇಳೋದಿಲ್ಲ. ಲೂಕ 16:10ರಲ್ಲಿ ಸ್ವಾಮಿ ಸ್ವಲ್ಪದರ ಬಗ್ಗೆ ಮಾತಾಡಿದ್ದು ಇದಕ್ಕೇ.

ನಮ್ಮ ವಿಭಾಗದವರೆಲ್ಲ ಅವತ್ತು ಅದೇ ಮಾತು. ಬ್ಯಾಂಕಿನಲ್ಲಿರುವ ಹಣ ಅಂದ್ರೆ ಸರಿನೋಡೋಕೆ ಅತಿ ಸುಲಭವಾದದ್ದು, ಅದನ್ನೇ ಹೇಗೆ ಸುಳ್ಳು ಬರೆದರು? ನಾನೂ ಜೋರಾಗಿ ಮಾತಾಡಿದೆ. ಸಂಜೆ ಮನೆಗೆ ಹೋದೆ. ಬಾಗಿಲಲ್ಲಿ ಒಂದು ಕವರ್ ಇತ್ತು, ನನ್ನ ಕ್ರೆಡಿಟ್ ಕಾರ್ಡಿನ ಬಿಲ್. ಹೆಂಡತಿ ಅಡುಗೆಮನೆಯಲ್ಲಿದ್ದಳು. ನಾನು ಆ ಕವರನ್ನು ಮಡಚಿ, ಬೀರುವಿನಲ್ಲಿ ನನ್ನ ಹಳೆ ಸ್ವೆಟರ್ ಕೆಳಗೆ ಇಟ್ಟೆ. ಅಲ್ಲಿ ಈಗಾಗಲೇ ಹತ್ತು ಹನ್ನೊಂದು ಕವರ್ ಇದ್ದವು.

ಅದಕ್ಕೂ ಒಂದು ವರ್ಷ ಮುಂಚೆ ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳಿದ್ದೆ. ದೇವರು ನನಗೆ ಕಾರು ಕೊಟ್ಟರು ಅಂತ. ಎಲ್ಲರೂ ಸ್ತೋತ್ರ ಹೇಳಿದರು. ಕಾರು ಕೊಟ್ಟದ್ದು ಬ್ಯಾಂಕು, ಡೌನ್ ಪೇಮೆಂಟ್ ಕೊಟ್ಟದ್ದು ಕ್ರೆಡಿಟ್ ಕಾರ್ಡು. ಆಮೇಲೆ ಕಂತು ಕಟ್ಟೋಕೆ ಆಗದೆ ಎರಡನೇ ಕಾರ್ಡು. ಸಾಕ್ಷಿ ಹೇಳಿದ ಮೇಲೆ ಕಾರು ಮಾರೋಕೆ ನಾಚಿಕೆ. ಹೇಳಿದ್ದನ್ನು ಉಳಿಸಿಕೊಳ್ಳೋಕೆ ಇನ್ನೂ ಸಾಲ. ನೋಡಿ, ನಾನೂ ಹುಲಿಯ ಮೇಲೇ ಕೂತಿದ್ದೆ. ಹೈದರಾಬಾದಿನ ಹುಲಿ ದೊಡ್ಡದು, ನನ್ನದು ಚಿಕ್ಕದು, ಅಷ್ಟೇ ವ್ಯತ್ಯಾಸ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ದಿನ ಆದ ಮೇಲೆ ಆ ಕವರುಗಳನ್ನೆಲ್ಲ ತಂದು ಹೆಂಡತಿ ಮುಂದೆ ಮಂಚದ ಮೇಲೆ ಇಟ್ಟೆ. ಅವಳು ಒಂದೊಂದಾಗಿ ತೆಗೆದು ಓದಿದಳು. ಕೂಗಾಡಲಿಲ್ಲ. "ಸಾಲ ಇರಲಿ ರೀ, ತೀರಿಸೋಣ. ನಾನು ಪಕ್ಕದಲ್ಲೇ ಇದ್ದೆ, ನನಗೆ ಯಾಕೆ ಹೇಳಲಿಲ್ಲ?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊತ್ತಕ್ಕಿಂತ ಆ ಪ್ರಶ್ನೆಯೇ ಹೆಚ್ಚು ನೋಯಿಸಿತು.

ಇಬ್ಬರೂ ಸಭೆಯ ಒಬ್ಬ ಹಿರಿಯರ ಹತ್ತಿರ ಹೋದೆವು. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತಿ ಆದವರು. ಅಕೌಂಟ್ಸ್ ಓದಿದ ನನಗೆ ಲೆಕ್ಕ ಕಲಿಸಿದ್ದು ಅವರು. "ತಮ್ಮಾ, ಡ್ಯೂಟಿ ಹತ್ತೋ ಮುಂಚೆ ನಮ್ಮ ಜೇಬಲ್ಲಿರೋ ಸ್ವಂತ ದುಡ್ಡು ಎಷ್ಟು ಅಂತ ವೇಬಿಲ್‌ನಲ್ಲಿ ಬರೀಬೇಕು. ಯಾಕೆ ಗೊತ್ತಾ? ಚೆಕಿಂಗ್‌ನವರು ದಾರಿಯಲ್ಲಿ ಎಲ್ಲಿ ಬೇಕಾದ್ರೂ ಹತ್ತಬಹುದು. ನನ್ನದು ಯಾವುದು, ಸಂಸ್ಥೆಯದು ಯಾವುದು ಅಂತ ಆವಾಗ ಹೇಳೋಕೆ ಬರಬೇಕು. ಬ್ಯಾಗ್ ತುಂಬ ದುಡ್ಡಿದೆ ಅಂತ ಕಂಡಕ್ಟರ್ ಸಾಹುಕಾರ ಆಗ್ತಾನಾ?" ಅಂದರು. ಮನೆವಾರ್ತೆಯ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಚಿಕ್ಕದು ಅದು, ಆದರೆ ಮರೆತಿಲ್ಲ.

ಕಾರು ಮಾರಿದೆವು. ಕಾರ್ಡುಗಳನ್ನು ಕತ್ತರಿಸಿದೆವು. ಹೆಚ್ಚು ಬಡ್ಡಿಯದು ಮೊದಲು, ಉಳಿದದ್ದು ಆಮೇಲೆ, ಹೀಗೆ ಎರಡೂವರೆ ವರ್ಷ ತೀರಿಸಿದೆವು. ಯಾವ ಅದ್ಭುತದ ಚೆಕ್ಕೂ ಬರಲಿಲ್ಲ. ಬಸ್ಸಿನಲ್ಲಿ ಓಡಾಡಿದೆ. ಮತ್ತೆ ಸಭೆಯಲ್ಲಿ ನಿಂತು, ಆ ದಿನ ಹೇಳಿದ ಸಾಕ್ಷಿ ಸರಿಯಿರಲಿಲ್ಲ ಅಂತ ಹೇಳಿದೆ. ಆ ಭಾನುವಾರ ಕೂಟ ಮುಗಿದ ಮೇಲೆ ನಾಲ್ಕು ಜನ ಬಂದು ನನ್ನ ಕೈ ಹಿಡಿದರು. ಅವರ ಬೀರುವಿನಲ್ಲೂ ಕವರುಗಳಿದ್ದವು.

ಸತ್ಯಂ ಏನಾಯಿತು ಗೊತ್ತಾ? ಸರ್ಕಾರ ಹಳೆ ಮಂಡಳಿಯನ್ನು ತೆಗೆದು ಹೊಸಬರನ್ನು ಕೂರಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಅದನ್ನು ಕೊಳ್ಳೋಕೆ ಮುಂದೆ ಬಂತು. ತಪ್ಪು ಮಾಡಿದವರಿಗೆ 2015ರಲ್ಲಿ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಆದರೆ ಕಂಪನಿಯ ಕೆಲಸ ಉಳಿಯಿತು. ಸುಳ್ಳು ಅಂಕಿ ಇದ್ದ ತನಕ ಯಾರೂ ಅದನ್ನು ಕಾಪಾಡೋಕೆ ಆಗ್ತಿರಲಿಲ್ಲ. ನಿಜವಾದ ಅಂಕಿ ಮೇಜಿನ ಮೇಲೆ ಬಂದ ಮೇಲೇ ಸಹಾಯ ಶುರುವಾಯಿತು. ಪ್ರಿಯರೇ, ನಮ್ಮ ದೇವರು ನಿಜವಾದ ಅಂಕಿ ನೋಡಿ ಹೆದರುವವರಲ್ಲ. ನೀವು ತೋರಿಸುವ ಮುಂಚೆಯೇ ಅವರು ನೋಡಿದ್ದಾರೆ.

ಸಭೆಯೂ ಲೆಕ್ಕ ಕೊಡಬೇಕು

ಎರಡು ಎಚ್ಚರಿಕೆ ಹೇಳಿ ಮುಗಿಸ್ತೀನಿ. ಮೊದಲನೇದು, ಕಾಣಿಕೆ. ದಶಮಾಂಶ ಕೊಡಿ, ಸಂತೋಷದಿಂದ ಕೊಡಿ. ಆದರೆ ಕಾರ್ಡಿನಿಂದ ಸಾಲ ತೆಗೆದು ದೊಡ್ಡ ಕಾಣಿಕೆ ಹಾಕಿ, ನೂರರಷ್ಟು ವಾಪಸ್ ಬರುತ್ತೆ ಅಂತ ಕಾಯಬೇಡಿ. ದೇವರು ಚೀಟಿ ನಡೆಸುವವರಲ್ಲ. ಪೌಲನು ಬಡವರಿಗೋಸ್ಕರ ಹಣ ಕೂಡಿಸಿದಾಗ ಒಬ್ಬನೇ ತಗೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸಬಾರದು ಅಂತ ಬೇರೆ ಸಹೋದರರನ್ನೂ ಸೇರಿಸಿಕೊಂಡ. 2 ಕೊರಿಂಥ 8ನೇ ಅಧ್ಯಾಯ ಓದಿ. ಅಪೊಸ್ತಲನಿಗೇ ಆ ಎಚ್ಚರ ಇದ್ದರೆ ನಾನೆಷ್ಟರವನು? ಈ ಸಭೆಯ ಲೆಕ್ಕವನ್ನು ನೀವು ಕೇಳಿ. ಕೇಳಿದರೆ ನನಗೆ ಕೋಪ ಬರೋದಿಲ್ಲ, ಬರಬಾರದು.

ಎರಡನೇದು, ಸಭೆಯ ಪರಿಚಯ ಹಿಡ್ಕೊಂಡು ಯಾರಾದ್ರೂ ಬಂದು, "ಬ್ರದರ್, ಒಂದು ಸ್ಕೀಮ್ ಇದೆ, ತಿಂಗಳಿಗೆ ಹತ್ತು ಪರ್ಸೆಂಟ್" ಅಂದ್ರೆ ಎದ್ದು ಹೋಗಿ. ಒಟ್ಟಿಗೆ ಪ್ರಾರ್ಥನೆ ಮಾಡ್ತಾರೆ ಅನ್ನೋದು ಹಣಕ್ಕೆ ಜಾಮೀನಲ್ಲ. ಆ ಲಾಭ ಎಲ್ಲಿಂದ ಬರುತ್ತೆ ಅಂತ ಕೇಳಿ. ಹೇಳೋಕೆ ಬರಲಿಲ್ಲ ಅಂದ್ರೆ ಅದು ನಿಮ್ಮ ನಂತರ ಸೇರುವವನ ಜೇಬಿನಿಂದ ಬರುತ್ತೆ.

ಈ ವಾರ ಮಾಡಬೇಕಾದದ್ದು

ಜ್ಞಾನೋಕ್ತಿ 27:23 ನಿನ್ನ ಹಿಂಡಿನ ಸ್ಥಿತಿ ನಿನಗೆ ಗೊತ್ತಿರಲಿ ಅಂತ ಕಲಿಸುತ್ತೆ. ನಿಮ್ಮ ಹಿಂಡು ಬ್ಯಾಂಕ್ ಆ್ಯಪ್‌ನಲ್ಲಿದೆ. ಶನಿವಾರ ಒಂದು ಗಂಟೆ ಕೂತುಕೊಳ್ಳಿ.

1. ಕಳೆದ ಮೂರು ತಿಂಗಳು ಬಂದದ್ದು, ಹೋದದ್ದು, ಉಳಿದದ್ದು ಒಂದು ಹಾಳೆಯಲ್ಲಿ ಬರೆಯಿರಿ.
2. ಎಲ್ಲಾ ಸಾಲ ಬರೆಯಿರಿ, ಬಡ್ಡಿ ಸಮೇತ. ಸ್ನೇಹಿತನಿಂದ ತಗೊಂಡ ಎರಡು ಸಾವಿರವೂ ಸೇರಲಿ.
3. ನಾಳೆ ಕೆಲಸ ಹೋದರೆ ಎಷ್ಟು ದಿನ ನಡೆಯುತ್ತೆ ಅಂತ ಲೆಕ್ಕ ಹಾಕಿ.
4. ಆ ಹಾಳೆಯನ್ನು ಒಬ್ಬರಿಗೆ ತೋರಿಸಿ. ಮದುವೆ ಆಗಿದ್ದರೆ ಗಂಡ ಅಥವಾ ಹೆಂಡತಿಗೆ. ಆಗಿಲ್ಲದಿದ್ರೆ ಅಪ್ಪ ಅಮ್ಮನಿಗೆ, ಇಲ್ಲವೇ ಸಭೆಯಲ್ಲಿ ನಂಬಿಕೆಯ ಒಬ್ಬ ಹಿರಿಯರಿಗೆ.

ನಾಲ್ಕನೇದು ಕಷ್ಟ, ನನಗೆ ಗೊತ್ತು. ಮೊದಲ ಮೂರನ್ನು ಮಾಡಿ ನಾಲ್ಕನೇದನ್ನು ಬಿಟ್ಟರೆ, ಹಾಳೆ ಸ್ವೆಟರ್ ಕೆಳಗೆ ಹೋಗುತ್ತೆ.

ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಕೈಯಲ್ಲಿ ಇರುವುದೆಲ್ಲ ನಿನ್ನದು. ನಾವು ಅದನ್ನು ನಮ್ಮದು ಅಂದುಕೊಂಡು ಬದುಕಿದ ದಿನಗಳನ್ನು ಕ್ಷಮಿಸು. ಇಲ್ಲಿ ಸಾಲದ ಭಾರದಿಂದ ಯಾರಿಗೂ ಹೇಳಲಾರದೆ ಕೂತಿರುವ ತಮ್ಮ ತಂಗಿಯರಿಗೆ ಇವತ್ತು ಬಾಯಿ ತೆರೆಯುವ ಧೈರ್ಯ ಕೊಡು. ಕೇಳುವವರಿಗೆ ಕರುಣೆಯ ಕಿವಿ ಕೊಡು. ನಿನ್ನ ಮುಂದೆ ಲೆಕ್ಕ ಒಪ್ಪಿಸುವ ದಿನ ಬಂದಾಗ ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನೂ ಇರದಂತೆ ನಡೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.